ಇಲ್ಲೇ ಕೂಕಂಬ

ಆ ದಿನ ಹೋಲಿ ಐಲ್ಯಾಂಡ್‌ಗೆ ಹೋಗುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನಾರ್ತಂಬರ್‌ಲ್ಯಾಂಡ್ ಕರಾವಳಿಗೆ ಅಂಟಿಕೊಂಡಂತೆ ಇರುವ ದ್ವೀಪ ಅದು. ಅಲ್ಲಿಗೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದ ನೀರಲ್ಲಿ ಮುಳುಗುತ್ತದೆ. ನೀರು ಇಳಿದ ಮೇಲೆ ದಾಟಬೇಕು, ಮತ್ತೆ ಏರುವ ಮೊದಲು ವಾಪಸು ಬರಬೇಕು, ತಡ ಆದರೆ ಮುಂದಿನ ಇಳಿತದವರೆಗೆ ಅಲ್ಲೇ ಉಳಿಯಬೇಕು. ಕೌಂಟಿ ಕೌನ್ಸಿಲ್‌ನವರು ಪ್ರತಿ ದಿನದ ದಾಟುವ ಹೊತ್ತನ್ನು ಪಟ್ಟಿ ಮಾಡಿ ಹಾಕುತ್ತಾರೆ. ನಾನು ಅದನ್ನು ನೋಡಿ ಫೋನಿನಲ್ಲಿ ಎಲ್ಲ ಬರೆದಿಟ್ಟುಕೊಂಡಿದ್ದೆ. ಎಂಟೂವರೆಗೆ ಹೊರಡುವುದು, ಒಂಬತ್ತಕ್ಕೆ ದಾರಿಯಲ್ಲಿ ಟೀ, ಹತ್ತರೊಳಗೆ ದಾಟುವುದು, ಮಧ್ಯಾಹ್ನ ನೀರು ಏರುವ ಮೊದಲು ಈಚೆ ದಡಕ್ಕೆ.

ಟೀಗೆ ಅಂತ ವ್ಯಾನ್ ನಿಲ್ಲಿಸಿದ್ದು ಸೀಹೌಸಸ್ ಮತ್ತು ಬ್ಯಾಂಬ್ರಾ ಅನ್ನುವ ಎರಡು ಊರುಗಳ ನಡುವೆ. ಒಂದು ಬದಿ ಹೊಲ, ಇನ್ನೊಂದು ಬದಿ ಮರಳದಿಬ್ಬ, ದಿಬ್ಬದ ಆಚೆ ಸಮುದ್ರ. ಅಮ್ಮ ಟೀ ಲೋಟ ಹಿಡಿದುಕೊಂಡೇ ದಿಬ್ಬದ ಕಾಲುದಾರಿ ಹತ್ತಿ ಮೇಲೆ ನಿಂತರು. ಸ್ವೆಟರು, ಅದರ ಮೇಲೆ ನನ್ನ ಹಳೇ ಕೋಟು, ಕೆಳಗೆ ಸೀರೆಯ ನಿರಿಗೆ ಗಾಳಿಗೆ ಪಟಪಟ ಅನ್ನುತ್ತಿತ್ತು. ನಾನು ಹಿಂದೆಯೇ ಹೋಗಿ, ಅಮ್ಮ ಬೇಗ ಕುಡಿ, ಹೊರಡಬೇಕು ಅಂದೆ. ಅವರು ತಿರುಗಿ ನೋಡಲಿಲ್ಲ.

"ಮಗಾ, ಇಲ್ಲೇ ಕೂಕಂಬ. ಎಲ್ಲಿಗೂ ಹೋಪ್ದ್ ಬ್ಯಾಡ."

ಕೂಕಂಬ ಅಂದರೆ ಕೂತುಕೊಳ್ಳೋಣ. ಕುಂದಾಪುರ ಕಡೆಯ ಕನ್ನಡ.

ಈ ಮಾತು ಅಮ್ಮನ ಬಾಯಿಂದ ಬಂತು ಅನ್ನುವುದು ನನಗೆ ಎಷ್ಟು ದೊಡ್ಡದು ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಮ್ಮ ಮನೆ ಮರವಂತೆ ಹತ್ತಿರ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ, ಫೋಟೋಗಳಲ್ಲಿ ನೀವೆಲ್ಲ ನೋಡಿರುತ್ತೀರಿ. ಜನ ಕಾರು ನಿಲ್ಲಿಸಿ ಇಳಿದು ನೋಡಿ ಹೋಗುವ ಜಾಗ. ಅಮ್ಮ ಅಲ್ಲಿಗೆ ಮದುವೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ರಾತ್ರಿ ಮಲಗಿದರೆ ಸಮುದ್ರದ ಸದ್ದು, ಬೆಳಿಗ್ಗೆ ಎದ್ದರೆ ಅದೇ ಸದ್ದು. ಆದರೆ ಅಮ್ಮ ಸಮುದ್ರದ ಮುಂದೆ ಸುಮ್ನೆ ಕೂತಿದ್ದನ್ನು ನಾನು ನೋಡಿಯೇ ಇಲ್ಲ. ಮೀನು ತರಲು ಹೋಗುತ್ತಿದ್ದರು. ಮಳೆಗಾಲದಲ್ಲಿ ಕಡಲ್ಕೊರೆತ ಜೋರಾದಾಗ ತೆಂಗಿನ ಮರ ಎಷ್ಟು ಹೋಯಿತು ಅಂತ ನೋಡಿ ಬರುತ್ತಿದ್ದರು. ಕರ್ಕಾಟಕ ಅಮಾವಾಸ್ಯೆ ಜಾತ್ರೆಯ ದಿನ ವರಾಹಸ್ವಾಮಿ ದೇವಸ್ಥಾನಕ್ಕೆ ಹೋಗಿ ಸಮುದ್ರದಲ್ಲಿ ಮುಳುಗು ಹಾಕುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ಹೋಗಿ ಹಾಕಿದ ಮುಳುಗಿನ ಕಥೆ ಈಗಲೂ ಹೇಳುತ್ತಾರೆ. ಅಷ್ಟೇ. ಕೆಲಸ ಇದ್ದರೆ ಸಮುದ್ರ, ಇಲ್ಲದಿದ್ದರೆ ಅಡುಗೆಮನೆ, ಕೊಟ್ಟಿಗೆ, ಅಂಗಳ.

ಇಂಗ್ಲೆಂಡಿನಲ್ಲಿ ನಾವಿರುವ ಲೀಡ್ಸ್‌ಗೆ ಬಂದ ಮೇಲೂ ಹಾಗೇ. ಎಲ್ಲಿಗೆ ಕರೆದುಕೊಂಡು ಹೋದರೂ ಅಮ್ಮನ ತಲೆಯಲ್ಲಿ ಒಂದು ಗಡಿಯಾರ ಓಡುತ್ತಲೇ ಇರುತ್ತದೆ. ಊಟ ಎಷ್ಟೊತ್ತಿಗೆ, ಟಾಯ್ಲೆಟ್ ಎಲ್ಲಿದೆ, ಮೊಮ್ಮಗಳಿಗೆ ಹಸಿವಾದರೆ ಏನು, ಮನೆ ತಲುಪುವುದು ಯಾವಾಗ. ಯಾರ್ಕ್‌ನಲ್ಲಿ ಅಷ್ಟು ದೊಡ್ಡ ಚರ್ಚ್ ತೋರಿಸಿದೆವು, ಅವರು ಹತ್ತು ನಿಮಿಷಕ್ಕೊಮ್ಮೆ ಕೇಳಿದ್ದು ಹೊರಡುವುದು ಯಾವಾಗ ಅಂತ. ನಾನು ಇದನ್ನು ಅಮ್ಮನ ಸ್ವಭಾವ ಅಂದುಕೊಂಡಿದ್ದೆ. ಬೇಸರವೂ ಮಾಡಿಕೊಂಡಿದ್ದೆ. ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತೆಗೆದುಕೊಂಡ ಮೇಲೆ ಗೊತ್ತಾಯಿತು, ಅದು ಸ್ವಭಾವ ಅಲ್ಲ. ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಈ ಮೂರೂ ನೂರು ಹೆಜ್ಜೆಯೊಳಗೆ ಇದ್ದರೆ ಅಮ್ಮನಿಗೆ ಎಲ್ಲಿಗೂ ಓಡಬೇಕಾಗಿಲ್ಲ. ಇಷ್ಟು ವರ್ಷ ನಾವು ಅವರನ್ನು ಕರೆದುಕೊಂಡು ಹೋದ ಯಾವ ಜಾಗದಲ್ಲೂ ಈ ಮೂರು ಇರಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು. ಚೌತಿ ಮುಗಿದಿತ್ತು. ಇಲ್ಲಿ ಶಾಲೆಗಳು ಆಗಷ್ಟೇ ಶುರುವಾಗಿದ್ದವು, ಹಾಗಾಗಿ ಸಮುದ್ರದ ಬದಿ ಜನ ಕಡಿಮೆ, ವ್ಯಾನ್ ಬಾಡಿಗೆಯೂ ಆಗಸ್ಟ್‌ಗಿಂತ ಕಡಿಮೆ. ನಮ್ಮ ಪುಟ್ಟಿಗೆ ಮೂರು ವರ್ಷ. ಶಾಲೆಗೆ ಸೇರಿದ ಮೇಲೆ ಸೆಪ್ಟೆಂಬರ್‌ನಲ್ಲಿ ಹೀಗೆ ಹೊರಡಲು ಆಗುವುದಿಲ್ಲ, ಇಲ್ಲಿ ಕಾರಣ ಇಲ್ಲದೆ ಶಾಲೆ ತಪ್ಪಿಸಿದರೆ ಅಪ್ಪ ಅಮ್ಮನಿಗೆ ದಂಡ ಹಾಕುತ್ತಾರೆ. ಅಮ್ಮನ ವೀಸಾ ಆರು ತಿಂಗಳದ್ದು. ಎಲ್ಲ ಒಟ್ಟಿಗೆ ಕೂಡಿ ಬಂದದ್ದು ಆ ವಾರ ಮಾತ್ರ.

ವ್ಯಾನ್ ಫೋಕ್ಸ್‌ವ್ಯಾಗನ್. ಮೇಲ್ಛಾವಣಿ ಎತ್ತಿದರೆ ಮೇಲೆ ಇಬ್ಬರು ಮಲಗುವ ಜಾಗ, ಹಿಂದಿನ ಸೀಟು ಮಡಚಿದರೆ ಕೆಳಗೆ ಇಬ್ಬರು. ನಾನು, ನನ್ನ ಗಂಡ ಮೇಲೆ, ಅಮ್ಮ ಮತ್ತು ಪುಟ್ಟಿ ಕೆಳಗೆ. ಎರಡು ಒಲೆ, ಒಂದು ಸಣ್ಣ ಸಿಂಕು, ಡಬ್ಬದಷ್ಟು ದೊಡ್ಡ ಫ್ರಿಜ್ಜು. ಸೀಟಿನ ಕೆಳಗೆ ಮಡಚಿಟ್ಟ ಟಾಯ್ಲೆಟ್, ಪರದೆ ಎಳೆದರೆ ಆಯಿತು. ಮೊದಲ ದಿನ ಅಮ್ಮ ಪ್ರತಿ ಖಾನೆಯನ್ನೂ ತೆಗೆದು ಮುಚ್ಚಿ ನೋಡಿದರು. ಸಾಸಿವೆ ಡಬ್ಬ ಎಲ್ಲಿ, ಉಪ್ಪು ಎಲ್ಲಿ, ಮಿಡಿ ಉಪ್ಪಿನಕಾಯಿ ಬಾಟಲಿ ಎಲ್ಲಿಟ್ಟರೆ ತಿರುವಿನಲ್ಲಿ ಉರುಳುವುದಿಲ್ಲ ಅಂತ ಒಂದು ಗಂಟೆ ಜೋಡಿಸಿದರು. ಆಮೇಲೆ ಅದು ಅವರ ಅಡುಗೆಮನೆ. ನಾನು ಚಮಚ ತಪ್ಪು ಜಾಗದಲ್ಲಿಟ್ಟರೆ ಬೈಗುಳ.

ಬಾಡಿಗೆಗೆ ಕೊಟ್ಟವರು ಗ್ಯಾಸ್ ಸಿಲಿಂಡರ್ ತುಂಬಿದೆ ಅಂದಿದ್ದರು. ಮೊದಲ ರಾತ್ರಿಯೇ ಖಾಲಿಯಾಗುವ ಹಾಗೆ ಕಂಡಿತು. ನನಗೆ ಸಿಟ್ಟು ಬಂತು, ಮೂರು ವರ್ಷದ ಮಗು, ವಯಸ್ಸಾದವರು ಇದ್ದಾರೆ ಅಂತ ಹೇಳಿಯೂ ಹೀಗೆ ಮಾಡಿದರಲ್ಲ ಅಂತ. ಅಮ್ಮ ಮಾತ್ರ ಸಿಟ್ಟಾಗಲಿಲ್ಲ. ಕುಚ್ಚಲಕ್ಕಿ ತೊಳೆದು, ಜಾಸ್ತಿ ನೀರು ಹಾಕಿ, ಕಾಲು ಗಂಟೆ ಜೋರಾಗಿ ಕುದಿಸಿ, ಒಲೆ ಆರಿಸಿ, ಪಾತ್ರೆಯ ಮುಚ್ಚಳ ಬಿಗಿ ಮಾಡಿ ದಪ್ಪ ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟರು. ಬೆಳಿಗ್ಗೆ ತೆಗೆದರೆ ಅಕ್ಕಿ ಅರಳಿತ್ತು, ಗಂಜಿ ಇನ್ನೂ ಬೆಚ್ಚಗಿತ್ತು. ಕುಚ್ಚಲಕ್ಕಿ ಬೇಯಿಸಿದವರಿಗೆ ಗೊತ್ತು, ಒಲೆ ಮೇಲೇ ಪೂರ್ತಿ ಬೇಯಿಸಿದರೆ ಮುಕ್ಕಾಲು ಗಂಟೆ ಬೇಕು. ಮರುದಿನ ಸೀಹೌಸಸ್‌ನಲ್ಲಿ ಹೊಸ ಸಿಲಿಂಡರ್ ಸಿಕ್ಕಿತು. ಆದರೂ ಅಮ್ಮ ಈ ಪದ್ಧತಿ ಬಿಡಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಇಲ್ಲೇ ಕೂಕಂಬ ಅಂದಾಗ ಗಂಜಿ ಆಗಲೇ ಕಂಬಳಿಯೊಳಗೆ ಇತ್ತು. ಮಧ್ಯಾಹ್ನದ ಚಿಂತೆ ಇಲ್ಲ. ನಾನು ಗಂಡನ ಮುಖ ನೋಡಿದೆ. ಇವರು ಮಂಡ್ಯದವರು, ಸಮುದ್ರ ಅಂದರೆ ಈಗಲೂ ಹಬ್ಬ. "ಅತ್ತೆ, ನೀವು ಕೂತ್ಕೊಳ್ಳಿ, ಕುರ್ಚಿ ತರ್ತೀನಿ" ಅಂತ ಹೇಳಿ ಆಗಲೇ ವ್ಯಾನಿನ ಕಡೆ ಓಡಿದ್ದರು. ಹೋಲಿ ಐಲ್ಯಾಂಡ್ ಅಲ್ಲಿಗೆ ಮುಗಿಯಿತು.

ಬ್ಯಾಂಬ್ರಾ ಕಡಲತೀರ ನೋಡದವರಿಗೆ ಹೇಗೆ ಹೇಳುವುದು. ಉತ್ತರಕ್ಕೆ ಕಪ್ಪು ಬಂಡೆಯ ಮೇಲೆ ಒಂದು ದೊಡ್ಡ ಕೋಟೆ. ಆ ಬಂಡೆ ಭೂಮಿಯೊಳಗಿಂದ ಬಂದ ಬಿಸಿ ಕಲ್ಲುರಸ ತಣಿದು ಆದದ್ದು, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಅಂಥ ರಸ ತಣಿದೇ ಆದದ್ದು ಅಂದಾಗ ಅಮ್ಮ ಹೌದಾ ಅಂತ ಮತ್ತೊಮ್ಮೆ ನೋಡಿದರು. ಎದುರಿಗೆ ನೀರಿನಲ್ಲಿ ಚುಕ್ಕಿ ಇಟ್ಟಂತೆ ಫಾರ್ನ್ ದ್ವೀಪಗಳು. ಎಲ್ಲಕ್ಕಿಂತ ಆಚೆ, ಕೆಂಪು ಮೈಗೆ ಬಿಳಿ ಪಟ್ಟಿ ಸುತ್ತಿದ ಲಾಂಗ್‌ಸ್ಟೋನ್ ದೀಪಸ್ತಂಭ. ಹತ್ತೂವರೆ ಹೊತ್ತಿಗೆ ಪೂರ್ತಿ ಇಳಿತ. ನೀರು ಎಷ್ಟು ಹಿಂದೆ ಸರಿಯಿತು ಅಂದರೆ ಪುಟ್ಟಿ ಸಮುದ್ರ ಎಲ್ಲಿ ಹೋಯ್ತು ಅಂತ ಕೇಳಿದಳು. ಮರವಂತೆಯಲ್ಲಿ ಭರತಕ್ಕೂ ಇಳಿತಕ್ಕೂ ಆಳೆತ್ತರದ ವ್ಯತ್ಯಾಸವೂ ಇರುವುದಿಲ್ಲ. ಇಲ್ಲಿ ಹುಣ್ಣಿಮೆ ಕಳೆದ ಮೇಲಿನ ದಿನಗಳಲ್ಲಿ ನಾಲ್ಕು ಮೀಟರ್ ಆಸುಪಾಸು. ಒದ್ದೆ ಮರಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕೋಟೆ ಅದರೊಳಗೆ ತಲೆಕೆಳಗಾಗಿ ನಿಂತಿತ್ತು.

ಅಮ್ಮನಿಗೆ ಸರಿ ಕಾಣದ್ದು ಒಂದೇ, ಸೂರ್ಯ. ನಮ್ಮೂರಲ್ಲಿ ಸೂರ್ಯ ಗುಡ್ಡದ ಹಿಂದೆ ಹುಟ್ಟಿ ಸಮುದ್ರದಲ್ಲಿ ಮುಳುಗುತ್ತಾನೆ. ಇಲ್ಲಿ ಸಮುದ್ರ ಪೂರ್ವಕ್ಕೆ. ಬೆಳಗಿನ ಬಿಸಿಲು ನೀರಿನ ಕಡೆಯಿಂದ ಮುಖಕ್ಕೆ ಬೀಳುತ್ತಿತ್ತು. ಇದು ಸಂಜೆಯ ಬೆಳಕಿನ ಹಾಗಿದೆ, ಹೊತ್ತು ಎಷ್ಟಾಯ್ತು ಅಂತಲೇ ಗೊತ್ತಾಗುವುದಿಲ್ಲ ಅಂದರು. ಹೊತ್ತು ಗೊತ್ತಾಗುವುದಿಲ್ಲ ಅಂತ ಅಮ್ಮ ಹೇಳಿದ್ದು, ಆದರೂ ನನ್ನನ್ನು ಗಂಟೆ ಎಷ್ಟು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊದಲ ಒಂದು ಗಂಟೆ ಅವರ ಕೈ ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. ಕೋಟಿನ ಗುಂಡಿ ಹಾಕಿದರು, ತೆಗೆದರು. ಪುಟ್ಟಿಯ ಟೋಪಿ ಸರಿ ಮಾಡಿದರು. ವ್ಯಾನಿಗೆ ಹೋಗಿ ಬೀನ್ಸ್ ತಂದು ನಾರು ತೆಗೆದರು. ಬೀನ್ಸ್ ಮುಗಿಯಿತು. ಬೇರೆ ಏನೂ ಇರಲಿಲ್ಲ. ಆಮೇಲೆ ಎರಡೂ ಕೈ ಮಡಿಲಲ್ಲಿ, ಅಂಗೈ ಮೇಲಾಗಿ, ಹಾಗೇ ಉಳಿದವು. ನನ್ನ ಅಮ್ಮನ ಖಾಲಿ ಕೈಯನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ಬುಡದಲ್ಲಿ ತೆಂಗಿನಕಾಯಿ ಒಡೆಯುವಾಗ ಆದ ಗಾಯದ ಗೆರೆ ಇದೆ, ಅದು ನನಗೆ ಮರೆತೇ ಹೋಗಿತ್ತು.

ನೀರಂಚಿನಲ್ಲಿ ಸಣ್ಣ ಬಿಳಿ ಹಕ್ಕಿಗಳು ಓಡುತ್ತಿದ್ದವು. ಅಲೆ ಹಿಂದೆ ಹೋದರೆ ಇವು ಅದರ ಬೆನ್ನಿಗೇ ಓಡಿ ಮರಳು ಕುಕ್ಕುತ್ತವೆ, ಅಲೆ ಬಂದರೆ ಕಾಲು ಕಾಣದಷ್ಟು ಬೇಗ ವಾಪಸು. ಸ್ಯಾಂಡರ್ಲಿಂಗ್ ಅಂತ ಹೆಸರು. ಉತ್ತರ ಧ್ರುವದ ಹತ್ತಿರ ಮರಿ ಮಾಡಿ, ಚಳಿ ಶುರುವಾಗುವ ಮೊದಲು ದಕ್ಷಿಣಕ್ಕೆ ಬರುತ್ತವೆ. ಕೆಲವು ಇಲ್ಲೇ ಉಳಿಯುತ್ತವೆ, ಕೆಲವು ಆಫ್ರಿಕಾದವರೆಗೆ ಹೋಗುತ್ತವೆ, ನಮ್ಮ ಪಶ್ಚಿಮ ಕರಾವಳಿಗೂ ಚಳಿಗಾಲದಲ್ಲಿ ಇದೇ ಜಾತಿಯವು ಬರುತ್ತವೆ. ಅಮ್ಮ ನಾನು ಹೇಳುವ ಮೊದಲೇ ಇವು ಊರಲ್ಲೂ ಇವೆ ಅಂದರು. ದೀಪಾವಳಿ ಕಳೆದ ಮೇಲೆ ಬರುತ್ತವಂತೆ. ಹೆಸರು ಏನು ಅಂತ ಕೇಳಿದರೆ, ಮೀನು ತರಲು ಹೋದಾಗ ಹಕ್ಕಿ ಹೆಸರು ಯಾರು ಕೇಳುತ್ತಾರೆ ಅಂದರು. ಅಲ್ವಾ?

ಆಮೇಲೆ ನೀರಿನಲ್ಲಿ ಒಂದು ಕಪ್ಪು ತಲೆ ಎದ್ದಿತು. ಮೂಗು, ಮೀಸೆ, ದೊಡ್ಡ ಕಣ್ಣು. ಪುಟ್ಟಿ ನಾಯಿ ನಾಯಿ ಅಂತ ಕಿರುಚಿದಳು, ಅಮ್ಮನೂ ಎದ್ದು ನಿಂತರು, ಯಾರ ನಾಯಿ ಅಷ್ಟು ಒಳಗೆ ಹೋಗಿದೆ ಅಂತ ಗಾಬರಿಯಿಂದ. ಅದು ಸೀಲ್. ಫಾರ್ನ್ ದ್ವೀಪಗಳಲ್ಲಿ ಬೂದು ಸೀಲ್‌ಗಳ ದೊಡ್ಡ ಹಿಂಡು ಇದೆ. ಶರತ್ಕಾಲದಲ್ಲಿ ಅಲ್ಲಿನ ಬಂಡೆಗಳ ಮೇಲೆ ಮರಿ ಹಾಕುತ್ತವೆ, ಹುಟ್ಟುವಾಗ ಮರಿಗೆ ಬಿಳಿ ತುಪ್ಪಳ. ಬೇಸಿಗೆಯಲ್ಲಿ ಜನ ಬರುವುದು ಪಫಿನ್ ಹಕ್ಕಿ ನೋಡಲು, ಅವು ಆಗಸ್ಟ್ ಹೊತ್ತಿಗೆ ಸಮುದ್ರಕ್ಕೆ ಹೊರಟುಬಿಡುತ್ತವೆ. ಪಫಿನ್ ತಪ್ಪಿತು ಅಂತ ನನಗೆ ಸ್ವಲ್ಪ ಬೇಜಾರಿತ್ತು. ಸೀಲ್ ನಮ್ಮ ಕಡೆಯೇ ನೋಡುತ್ತಾ ಐದು ನಿಮಿಷ ಇತ್ತು. ಅಮ್ಮ ಅದಕ್ಕೆ ಕೈ ಬೀಸಿದರು.

ಲಾಂಗ್‌ಸ್ಟೋನ್ ದೀಪಸ್ತಂಭದ ಕಥೆ ಹಿಂದಿನ ದಿನವೇ ಅರ್ಧ ಹೇಳಿ ಬಿಟ್ಟಿದ್ದೆ. ಬ್ಯಾಂಬ್ರಾ ಊರೊಳಗೆ ಗ್ರೇಸ್ ಡಾರ್ಲಿಂಗ್ ಅನ್ನುವ ಹುಡುಗಿಯ ಹೆಸರಿನ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ, ಅಲ್ಲಿ ಆಕೆಯ ದೋಣಿಯನ್ನು ಇಟ್ಟಿದ್ದಾರೆ. 21 ಅಡಿಯ ಮರದ ದೋಣಿ. ಅಮ್ಮ ಅದರ ಸುತ್ತ ಎರಡು ಸುತ್ತು ಬಂದು, ಇಷ್ಟು ಸಣ್ಣದರಲ್ಲಿ ಗಾಳಿಗೆ ಹೋದಳಾ ಅಂದಿದ್ದರು. ಈಗ ದೀಪಸ್ತಂಭ ಕಣ್ಣೆದುರು ಇತ್ತು, ಉಳಿದರ್ಧ ಹೇಳು ಅಂದರು.

1838ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ಫೋರ್ಫರ್‌ಶೈರ್ ಅನ್ನುವ ಹಡಗು ಹಲ್‌ನಿಂದ ಸ್ಕಾಟ್‌ಲ್ಯಾಂಡಿನ ಡಂಡಿಗೆ ಹೋಗುತ್ತಿತ್ತು. ಬಿರುಗಾಳಿಗೆ ಸಿಕ್ಕಿ ಈ ದ್ವೀಪಗಳ ಬಂಡೆಗೆ ಬಡಿದು ಒಡೆದು ಹೋಯಿತು. ದೀಪಸ್ತಂಭ ನೋಡಿಕೊಳ್ಳುವವರ ಮಗಳು ಗ್ರೇಸ್, ಆಗ 22 ವರ್ಷ. ಕಿಟಕಿಯಿಂದ ನೋಡಿದಳು, ಬೆಳಕು ಹರಿದ ಮೇಲೆ ಬಂಡೆ ಮೇಲೆ ಜನ ಜೀವದಿಂದ ಇರುವುದು ಕಂಡಿತು. ಅಪ್ಪ ಮಗಳು ಇಬ್ಬರೇ ಹುಟ್ಟು ಹಾಕಿ ಹೋದರು. ದೋಣಿಯಲ್ಲಿ ಎಲ್ಲರಿಗೂ ಜಾಗ ಇಲ್ಲದ್ದಕ್ಕೆ ಎರಡು ಸಲ ಹೋಗಬೇಕಾಯಿತು, ಎರಡನೇ ಸಲ ಅಪ್ಪ ಹೋದದ್ದು ಬದುಕಿದ ಇಬ್ಬರು ನಾವಿಕರ ಜೊತೆ. ಆ ಬಂಡೆಯಿಂದ ಒಟ್ಟು ಒಂಬತ್ತು ಜನರನ್ನು ಕರೆತಂದರು. ಅವರಲ್ಲಿ ಒಬ್ಬ ತಾಯಿ ಇದ್ದಳು. ಅವಳ ಇಬ್ಬರು ಮಕ್ಕಳು ಆ ಬಂಡೆಯ ಮೇಲೆ, ಅವಳ ತೋಳಿನಲ್ಲೇ, ಚಳಿಗೆ ಸತ್ತು ಹೋಗಿದ್ದವು.

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಪುಟ್ಟಿಯನ್ನು ಹತ್ತಿರ ಕರೆದು ಮಡಿಲಲ್ಲಿ ಕೂರಿಸಿಕೊಂಡರು. ಆಮೇಲೆ ಕೇಳಿದರು, "ಆ ಹುಡ್ಗಿ ಅಮ್ಮ ಎಲ್ಲಿದ್ದಿತ್?"

ಮ್ಯೂಸಿಯಂನಲ್ಲಿ ಅಷ್ಟು ಹೊತ್ತು ನಿಂತರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಗ್ರೇಸ್‌ಳ ಅಮ್ಮನೂ ಅಲ್ಲೇ ಇದ್ದಳು, ದೋಣಿ ನೀರಿಗೆ ಇಳಿಸಲು ಅವಳೂ ಕೈ ಹಾಕಿದಳು ಅಂತ ಓದಿದ್ದನ್ನು ಹೇಳಿದೆ. ಗಂಡ ಮಗಳು ಇಬ್ಬರನ್ನೂ ಒಂದೇ ದೋಣಿಯಲ್ಲಿ ಕಳಿಸಿ ಹಿಂದೆ ಉಳಿದವಳು. ಅಮ್ಮ ತಲೆ ಆಡಿಸಿದರು. ನಮ್ಮೂರಲ್ಲೂ ಗಾಳಿ ಎದ್ದ ದಿನ ದೋಣಿಗೆ ಹೋದವರ ಮನೆಯ ಹೆಂಗಸರು ದಡದಲ್ಲಿ ಬಂದು ನಿಲ್ಲುತ್ತಾರೆ. ಯಾರೂ ಯಾರ ಹತ್ತಿರವೂ ಮಾತಾಡುವುದಿಲ್ಲ. ಅಂಥ ದಿನ ಅಮ್ಮ ಅವರ ಪಕ್ಕದಲ್ಲಿ ಹೋಗಿ ನಿಂತದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಅಮ್ಮ ಸಮುದ್ರದ ಮುಂದೆ ಸುಮ್ಮನೆ ನಿಂತದ್ದು ನಾನು ಕಂಡದ್ದು ಅದೊಂದೇ. ಅದನ್ನು ಸುಮ್ಮನೆ ಅನ್ನಲು ಆಗುವುದಿಲ್ಲ.

ಗ್ರೇಸ್ ಆಮೇಲೆ ದೇಶಕ್ಕೆಲ್ಲ ಹೆಸರಾದಳು. ಚಿತ್ರ ಬರೆಯುವವರು ದ್ವೀಪಕ್ಕೇ ಬಂದರು, ಜನ ಅವಳ ಕೂದಲ ಎಳೆ ಬೇಕು ಅಂತ ಪತ್ರ ಬರೆದರು. 1842ರಲ್ಲಿ ಕ್ಷಯ ಬಂದು ತೀರಿಕೊಂಡಳು. 26 ವರ್ಷ. ಇದನ್ನು ಹೇಳಬಾರದಿತ್ತೇನೋ ಅಂತ ಆಮೇಲೆ ಅನಿಸಿತು, ಅಮ್ಮ ಮಧ್ಯಾಹ್ನದವರೆಗೆ ಆಗಾಗ ಆ ದೀಪಸ್ತಂಭದ ಕಡೆ ನೋಡಿ ಪಾಪ ಅನ್ನುತ್ತಿದ್ದರು.

ಊಟ. ಇದರ ಬಗ್ಗೆ ಬರೆಯಲೇಬೇಕು. ಹಿಂದಿನ ಸಂಜೆ ಕಿಪ್ಪರ್ ತಂದಿದ್ದೆವು. ಹೆರಿಂಗ್ ಮೀನನ್ನು ಬೆನ್ನ ಕಡೆಯಿಂದ ಸೀಳಿ ಬಿಡಿಸಿ, ಉಪ್ಪು ನೀರಲ್ಲಿ ಅದ್ದಿ, ಓಕ್ ಮರದ ಹುಡಿಯ ಹೊಗೆಯಲ್ಲಿ ಗಂಟೆಗಟ್ಟಲೆ ನೇತು ಹಾಕುತ್ತಾರೆ. ಈ ಕರಾವಳಿಯ ಕ್ರಾಸ್ಟರ್ ಊರಿನ ಕಿಪ್ಪರ್‌ಗೆ ದೇಶದಲ್ಲೇ ಹೆಸರು. ಹೆರಿಂಗ್ ನಮ್ಮ ಬೂತಾಯಿಯ ಕುಟುಂಬದ್ದೇ, ನಮ್ಮ ಕಡೆ ಬೈಗೆ ಅನ್ನುತ್ತೇವೆ. ಒಂದು ಕಾಲದಲ್ಲಿ ಹೆರಿಂಗ್ ಹಿಂಡು ದಕ್ಷಿಣಕ್ಕೆ ಹೋದ ಹಾಗೆ ದೋಣಿಗಳೂ ಹೋಗುತ್ತಿದ್ದವು, ದೋಣಿಗಳ ಹಿಂದೆ ಸ್ಕಾಟ್‌ಲ್ಯಾಂಡಿನ ಹುಡುಗಿಯರು ಊರೂರು ದಾಟಿ ಬರುತ್ತಿದ್ದರು, ಮೀನು ಸೀಳಿ ಪೀಪಾಯಿಗೆ ಉಪ್ಪು ಹಾಕಿ ತುಂಬಲು. ಚೂರಿ ತಾಗಬಾರದು ಅಂತ ಬೆರಳಿಗೆಲ್ಲ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಅಮ್ಮನಿಗೆ ಗಂಗೊಳ್ಳಿ ಬಂದರಿನ ಹೆಂಗಸರು ನೆನಪಾದರು.

ಕಿಪ್ಪರನ್ನು ವ್ಯಾನಿನೊಳಗೆ ಹುರಿದರೆ ವಾಸನೆ ವಾರವಾದರೂ ಹೋಗುವುದಿಲ್ಲ. ಇಲ್ಲಿನವರ ಹಳೇ ಉಪಾಯ ಒಂದಿದೆ. ಎತ್ತರದ ಜಗ್ಗಿನಲ್ಲಿ ಮೀನನ್ನು ಬಾಲ ಮೇಲಾಗಿ ನಿಲ್ಲಿಸಿ, ಕುದಿಯುವ ನೀರು ಸುರಿದು, ಮುಚ್ಚಿ ಆರೇಳು ನಿಮಿಷ ಬಿಡುವುದು. ಬೆಂದು ಮೃದುವಾಗುತ್ತದೆ, ಹೊಗೆಯ ರುಚಿ ಹಾಗೇ ಇರುತ್ತದೆ. ಮೀನು ಅಂಗಡಿಯವರು ಹೇಳಿಕೊಟ್ಟಿದ್ದನ್ನು ನಾನು ಮಾಡಿ ತಟ್ಟೆಗೆ ಹಾಕಿಕೊಟ್ಟೆ. ಅಮ್ಮ ಮೂಸಿದರು. ಒಂದು ಚೂರು ಬಾಯಿಗೆ ಹಾಕಿಕೊಂಡರು. "ಇದ್ ಒಣ್ಮೀನೇ ಅಲ್ದಾ?" ಅಂತ ಹೇಳಿ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಮುಳ್ಳು ಬಿಡಿಸಿ ಮೀನನ್ನು ಎಳೆ ಎಳೆಯಾಗಿ ಮಾಡಿ, ಈರುಳ್ಳಿ ಸಣ್ಣಗೆ ಹೆಚ್ಚಿ, ಫ್ರಿಜ್ಜಿನಲ್ಲಿದ್ದ ತೆಂಗಿನ ತುರಿ, ಸುಟ್ಟ ಬ್ಯಾಡಗಿ ಮೆಣಸು, ಒಂದು ಚೂರು ಹುಣಸೆ, ಎಲ್ಲ ಕೈಯಲ್ಲೇ ಹಿಚುಕಿ ಚಟ್ನಿ ಮಾಡಿದರು. ಕಂಬಳಿ ಬಿಚ್ಚಿ ಗಂಜಿ ಬಡಿಸಿದರು. ಹೊಗೆ, ಖಾರ, ಗಂಜಿಯ ಬೆಚ್ಚಗಿನ ತಿಳಿ, ಮುಖಕ್ಕೆ ತಣ್ಣನೆ ಗಾಳಿ. ನಾನು ಮೂರು ಸಲ ಹಾಕಿಸಿಕೊಂಡೆ. ಮಂಡ್ಯದವರಿಗೆ ಗಂಜಿ ಅಂದರೆ ಜ್ವರ ಬಂದವರ ಊಟ, ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಗಂಜಿಗೆ ಇನ್ನೊಂದು ಸೌಟು ಕೇಳಿದ್ದು ಆವತ್ತೇ.

ಊಟ ಆದ ಮೇಲೆ ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋದರು. ಕಂಬಳಿ ಹೊದೆಸಿದೆ. ಇವರು ಈಜುತ್ತೇನೆ ಅಂತ ಹೋದರು. ಸಮುದ್ರ ನಿಧಾನವಾಗಿ ಬಿಸಿಯಾಗಿ ನಿಧಾನವಾಗಿ ತಣಿಯುವುದರಿಂದ ಇಲ್ಲಿ ನೀರು ವರ್ಷದಲ್ಲಿ ಅತಿ ಬೆಚ್ಚಗಿರುವುದು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲೇ. ಬೆಚ್ಚಗೆ ಅಂದರೆ 13, 14 ಡಿಗ್ರಿ. ನಮ್ಮೂರ ಸಮುದ್ರ 28ರ ಆಸುಪಾಸು. ಇವರು ಮೂರು ನಿಮಿಷ ಇದ್ದು ತುಟಿ ನೀಲಿ ಮಾಡಿಕೊಂಡು ಬಂದರು, ಆದರೆ ಮುಖದಲ್ಲಿ ಎಂಥ ಖುಷಿ ಅಂತೀರಿ.

ನಾನು ಪುಟ್ಟಿ ಇಬ್ಬರೂ ದಿಬ್ಬದ ಹಿಂದೆ ಬ್ಲ್ಯಾಕ್‌ಬೆರಿ ಕೀಳಲು ಹೋದೆವು. ಮುಳ್ಳಿನ ಬಳ್ಳಿ, ಕಪ್ಪಗೆ ಮಿಂಚುವ ಹಣ್ಣು, ಒಂದೇ ಗೊಂಚಲಲ್ಲಿ ಹಸಿರು, ಕೆಂಪು, ಕಪ್ಪು ಮೂರೂ. ದಾರಿ ಬದಿಯದ್ದನ್ನು ಮನೆ ಮಟ್ಟಿಗೆ ಯಾರು ಬೇಕಾದರೂ ಕೀಳಬಹುದು. ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದ ಮೇಲೆ ಕೀಳಬಾರದು, ದೆವ್ವ ಅದರ ಮೇಲೆ ಉಗುಳುತ್ತದೆ ಅಂತ ಇಲ್ಲಿನ ಹಳಬರ ನಂಬಿಕೆ. ಆ ಹೊತ್ತಿಗೆ ಹಣ್ಣು ನೀರಾಗಿ ಬೂಸ್ಟು ಹಿಡಿಯುವುದೂ ನಿಜ. ಪುಟ್ಟಿಯ ನಾಲಿಗೆ ನೇರಳೆ ತಿಂದ ಹಾಗೆ ಆಯಿತು. ಡಬ್ಬದಲ್ಲಿ ಉಳಿದದ್ದಕ್ಕೆ ಸಂಜೆ ಅಮ್ಮ ಬೆಲ್ಲ, ಮೆಣಸಿನಪುಡಿ, ಉಪ್ಪು ಹಾಕಿ ಗೊಜ್ಜು ಮಾಡಿದರು.

ನಾವು ಬಂದಾಗ ಅಮ್ಮ ಕುರ್ಚಿಯಲ್ಲಿ ಇರಲಿಲ್ಲ. ನೀರು ಏರುತ್ತಾ ಕುರ್ಚಿಗೆ ಹತ್ತಿರ ಬಂದಿತ್ತು. ಎದೆ ಧಸಕ್ಕೆಂದಿತು. ನೋಡಿದರೆ ಸ್ವಲ್ಪ ದೂರದಲ್ಲಿ, ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಲ್ಲಿ ನಿಂತಿದ್ದರು. ಅಲೆ ಬಂದು ಕಾಲಿಗೆ ತಾಗಿದಾಗ ಹಿಂದೆ ಸರಿಯುತ್ತಿದ್ದರು, ಅಲೆ ಹೋದಾಗ ಅದರ ಹಿಂದೆ ನಾಲ್ಕು ಹೆಜ್ಜೆ. ಬೆಳಗಿನ ಆ ಹಕ್ಕಿಗಳ ಹಾಗೇ. ಅಮಾವಾಸ್ಯೆ ಇರಲಿಲ್ಲ, ಜಾತ್ರೆ ಇರಲಿಲ್ಲ. ಪುಟ್ಟಿ ಅಜ್ಜೀ ಅಂತ ಕೂಗಿಕೊಂಡು ಓಡಿ ಹೋಗಿ ಸೆರಗು ಹಿಡಿದಳು. ನಾನು ಫೋಟೋ ತೆಗೆಯಬೇಕು ಅಂದುಕೊಂಡೆ, ಫೋನು ವ್ಯಾನಿನಲ್ಲಿತ್ತು. ತರಲು ಹೋಗಲಿಲ್ಲ.

ನಾಲ್ಕೂವರೆಗೆ ಪೂರ್ತಿ ಭರತ. ಬೆಳಿಗ್ಗೆ ನಡೆದಾಡಿದ ಮರಳೆಲ್ಲ ನೀರಿನಡಿ. ಕುರ್ಚಿ ಮಡಚಿ ದಿಬ್ಬದ ಮೇಲೆ ಹೋಗಿ ಇನ್ನೊಂದು ಟೀ ಮಾಡಿಕೊಂಡೆವು. ಅಮ್ಮ ದಿಬ್ಬದ ಉದ್ದ ಹುಲ್ಲನ್ನು ಎಳೆದು ನೋಡಿ, ಬೇರು ಎಷ್ಟು ಗಟ್ಟಿ ಇದೆ, ಮರಳು ನಿಂತಿರುವುದು ಇದರಿಂದಲೇ ಅಂದರು. ಹೌದು, ಈ ಹುಲ್ಲನ್ನು ತುಳಿಯಬೇಡಿ ಅಂತ ಬೋರ್ಡೂ ಇರುತ್ತದೆ. ನಮ್ಮಲ್ಲಿ ಸಮುದ್ರಕ್ಕೆ ಬಂಡೆ ತಂದು ಸುರಿದಿದ್ದಾರೆ. ಇಲ್ಲಿ ಹುಲ್ಲು ಕಾಯುತ್ತಿದೆ. ಅಮ್ಮ ಅದರ ಬಗ್ಗೆ ಇನ್ನೇನೂ ಹೇಳಲಿಲ್ಲ, ಹುಲ್ಲನ್ನು ಬಿಟ್ಟು ಕೈ ಒರೆಸಿಕೊಂಡರು.

ನಮ್ಮ ಕ್ಯಾಂಪ್‌ಸೈಟ್ ಇದ್ದದ್ದು ದಕ್ಷಿಣಕ್ಕೆ, ಬೀಡ್‌ನೆಲ್‌ನಲ್ಲಿ. ಕೌನ್ಸಿಲ್ ಪಾರ್ಕಿಂಗ್‌ನಲ್ಲಿ ರಾತ್ರಿ ವ್ಯಾನ್ ಹಾಕಿ ಮಲಗಲು ಬಿಡುತ್ತಿರಲಿಲ್ಲ, ಕ್ಯಾಂಪ್‌ಸೈಟಿಗೆ ಹೋಗಲೇಬೇಕಿತ್ತು. ಬೀಡ್‌ನೆಲ್‌ನಲ್ಲಿ ಪುಟ್ಟ ಬಂದರು ಇದೆ, ಪಕ್ಕದಲ್ಲಿ ಹಳೇ ಸುಣ್ಣದ ಗೂಡುಗಳು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿದ್ದರೂ ಅದರ ಬಾಯಿ ಪಶ್ಚಿಮಕ್ಕೆ ತೆರೆದಿದೆ. ಏಳೂವರೆ ಹೊತ್ತಿಗೆ ಸೂರ್ಯ ಕೊಲ್ಲಿಯ ಆಚೆಯ ದಿಬ್ಬಗಳ ಹಿಂದೆ ಇಳಿದ, ಬಂದರಿನ ನೀರೆಲ್ಲ ಕುಂಕುಮದ ಬಣ್ಣ. ಈಗ ಸರಿಯಾಯಿತು ನೋಡು ಅಂದರು ಅಮ್ಮ.

ಎಂಟೂವರೆ ಸುಮಾರಿಗೆ ಸಮುದ್ರದಿಂದ ಚಂದ್ರ ಎದ್ದ. ಇವರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಮರುದಿನದ ದಾಟುವ ವೇಳೆ ನೋಡುತ್ತಿದ್ದರು. "ಅತ್ತೆ, ನಾಳೆ ಮುಕ್ಕಾಲು ಗಂಟೆ ಲೇಟಾಗಿ ಹೊರಟ್ರೂ ನಡೆಯತ್ತೆ" ಅಂದರು. ಅಮ್ಮ ಹೂಂ ಅಂದರು, ಯಾವ ಕಡೆಯ ಹೂಂ ಅಂತ ಗೊತ್ತಾಗಲಿಲ್ಲ. ಅಕ್ಕಿ ಕುದಿದಿತ್ತು. ಒಲೆ ಆರಿಸಿ, ಮುಚ್ಚಳ ಬಿಗಿ ಮಾಡಿ, ಟವೆಲ್ ಸುತ್ತಿ, ಮೇಲೆ ಕಂಬಳಿ ಸುತ್ತಿದರು. ಆವತ್ತು ಪಾತ್ರೆಯನ್ನು ಮೂಲೆಯಲ್ಲಿ ಇಡಲಿಲ್ಲ. ಹಾಸಿಗೆಯ ಕೆಳತುದಿಯಲ್ಲಿಟ್ಟು, ಉತ್ತರ ಸಮುದ್ರದಲ್ಲಿ ನಿಂತು ಬಂದ ತಣ್ಣನೆ ಕಾಲುಗಳನ್ನು ಅದಕ್ಕೆ ಒತ್ತಿಕೊಂಡು, ಪುಟ್ಟಿಯ ಕಾಲನ್ನೂ ಎಳೆದು ಪಕ್ಕದಲ್ಲಿಟ್ಟುಕೊಂಡು ಮಲಗಿದರು.